ಮೂವತ್ತೇಳು ಎಲ್ಲಿಂದ ಬಂತು?

ಅಕ್ಟೋಬರ್ 3, ಬೆಳಿಗ್ಗೆ 6.40

ಹೊಸ ನೋಟ್‌ಬುಕ್. ಮೊದಲ ಪುಟದಲ್ಲಿ ಚಾಲ್ತಿಯಲ್ಲಿರುವ ಅನ್ಯಾಯವನ್ನು ತಾರೀಖಿನ ಸಮೇತ ಬರೆದಿಡುವುದು ನನ್ನ ಪದ್ಧತಿ. ಬರೆಯುತ್ತೇನೆ.

ಹೋದ ವರ್ಷ ಮೇ 14, ಮಂಗಳವಾರ. ಸ್ಕ್ಯಾನರ್ ಕಂಪನಿಯವರು ತಮ್ಮ ವೆಬ್‌ಸೈಟಿನಲ್ಲಿ ಎರಡು ಸಾಲು ಹಾಕಿದರು. 'ಈ ಮಾದರಿಯ ಆಯುಸ್ಸು ಮುಗಿದಿದೆ. ಇನ್ನು ಮುಂದೆ ಇದಕ್ಕೆ ಡ್ರೈವರ್ ಒದಗಿಸಲಾಗುವುದಿಲ್ಲ.' ಮುಗಿಯಿತು. ಅಂದು ಬೆಳಿಗ್ಗೆ ಕೂಡ ವಾಚನಾಲಯದ ದೊಡ್ಡ ಸ್ಕ್ಯಾನರ್ ಕೆಲಸ ಮಾಡುತ್ತಿತ್ತು. ಪತ್ರಿಕೆಯ ಇಡೀ ಪುಟ ಅಂಗಾತ ಮಲಗುವಷ್ಟು ಅಗಲದ ಗಾಜು ಅದಕ್ಕೆ. ಮರುತಿಂಗಳು ವಾಚನಾಲಯಕ್ಕೆ ಹೊಸ ಕಂಪ್ಯೂಟರ್ ಬಂತು. ಯಂತ್ರ ದೀಪ ಹಚ್ಚಿಕೊಂಡು ಕೂತಿತು, ಮಾತಾಡಲಿಲ್ಲ. ಕೆಟ್ಟಿರಲಿಲ್ಲ. ದುಭಾಷಿಯನ್ನು ಕಂಪನಿ ವಾಪಸ್ ಕರೆಸಿಕೊಂಡಿತ್ತು, ಅಷ್ಟೇ. ಡ್ರೈವರ್ ಎಂದರೆ ಅದೇ ತಾನೆ — ಕಂಪ್ಯೂಟರ್ ಹೇಳಿದ್ದನ್ನು ಯಂತ್ರಕ್ಕೆ, ಯಂತ್ರ ಹೇಳಿದ್ದನ್ನು ಕಂಪ್ಯೂಟರಿಗೆ ತಲುಪಿಸುವ ದುಭಾಷಿ.

ಆರು ಪತ್ರ ಬರೆದೆ. ಆರಕ್ಕೂ ಒಂದೇ ಉತ್ತರ. 'ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ.' ಅಮೂಲ್ಯ!

ಆದ್ದರಿಂದ ಡ್ರೈವರ್ ನಾನೇ ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತು ವರ್ಷ ವಿದ್ಯುತ್ ಮೀಟರ್ ಪರೀಕ್ಷಿಸುವ ಲ್ಯಾಬಿನಲ್ಲಿದ್ದವಳು; ಮೀಟರುಗಳ ಜೊತೆ ಮಾತಾಡುವ ಪ್ರೋಗ್ರಾಮ್ ಬರೆದು ನಿವೃತ್ತಳಾದವಳು. ಸ್ಕ್ಯಾನರೇನು ಮಹಾ.

ಇವರು ಮುಂದಿನ ಕೋಣೆಯಲ್ಲಿ ಇಸ್ತ್ರಿಪೆಟ್ಟಿಗೆ ಬಿಸಿಗಿಟ್ಟರು. ಅಂಗಡಿ ಬಾಗಿಲು ತೆಗೆಯುವ ಹೊತ್ತು. ಏಳಬೇಕು.

ಅಕ್ಟೋಬರ್ 9

ವಾಚನಾಲಯ. ಗ್ರಂಥಪಾಲಕಿ ಒಂದು ಕಾಗದವನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದಳು. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅಕ್ಕಾ ಎನ್ನುತ್ತಾಳೆ, ಹೇಳಬೇಕಾದದ್ದನ್ನು ಮಾತ್ರ ಕಾಗದದಲ್ಲೇ ಹೇಳುತ್ತಾಳೆ.

'ಕೂತ್ಕೊಂಡು ಓದಿ ಅಕ್ಕಾ.'

ಮೇಲಿನ ಕಚೇರಿಯ ಆಜ್ಞೆ: ಮಾರ್ಚ್ 31ರೊಳಗೆ ಹಿಂದಿನ ಕೋಣೆ ಖಾಲಿಯಾಗಬೇಕು. ಅಲ್ಲಿರುವುದು ನಮ್ಮೂರಿನ ವಾರಪತ್ರಿಕೆಯ ಮೂವತ್ತನಾಲ್ಕು ಸಂಪುಟ. ಪತ್ರಿಕೆ ನಿಂತು ಹನ್ನೆರಡು ವರ್ಷವಾಯಿತು; ಬೇರೆಲ್ಲೂ ಪ್ರತಿ ಇಲ್ಲ. ಎಲ್ಲ ರದ್ದಿಗೆ. 'ಅಗತ್ಯವಿದ್ದಲ್ಲಿ ಅಷ್ಟರೊಳಗೆ ನಕಲು ಮಾಡಿಕೊಳ್ಳತಕ್ಕದ್ದು.'

'ಮಾಡ್ಕೊಳ್ಳೋಣ. ಯಂತ್ರ, ಸಂಪುಟ ಎರಡೂ ನಮ್ಮನೆಗೆ ಕಳಿಸಿ, ಡ್ರೈವರ್ ಬರೆಯೋಕೆ ಶುರು ಮಾಡಿದ್ದೀನಿ.'

'ಸಂಪುಟ ಹೊರಗೆ ಹೋಗೋ ಹಾಗಿಲ್ಲ.'

'ಸರಿ. ನನ್ನ ಕಂಪ್ಯೂಟರ್ ಇಲ್ಲಿಗೇ ತರ್ತೀನಿ.'

'ಹೊರಗಿನ ಕಂಪ್ಯೂಟರ್ ಒಳಗೆ ಬರೋ ಹಾಗಿಲ್ಲ.'

'ಹಾಗಾದ್ರೆ ನಿಮ್ಮ ಕಂಪ್ಯೂಟರಿಗೇ ನನ್ನ ಡ್ರೈವರ್ ಹಾಕಿ.'

'ಅಧಿಕೃತ ರಿಲೀಸಲ್ಲಿ ಬಂದಿದ್ದು ಮಾತ್ರ. ಯಾರೋ ಮನೇಲಿ ಕೂತು ಬರೆದಿದ್ದು ಹಾಕೋ ಹಾಗಿಲ್ಲ.'

'ಯಾರೋ ಅಂದ್ರೆ?'

'ನೀವೇ ಅಕ್ಕಾ.' ನಕ್ಕಳು. 'ನಿಯಮ ನಾನು ಮಾಡಿದ್ದಲ್ಲ. ಸೀಲು ಮಾತ್ರ ನಂದು.'

ಯಂತ್ರ ಮಾತ್ರ ಹೊರಗೆ ಹೋಗಬಹುದು — ರಿಪೇರಿ ಪುಸ್ತಕದಲ್ಲಿ ಸಹಿ ಹಾಕಿದರೆ. ನಾಲ್ಕು ವರ್ಷದ ಹಿಂದೆ ಅದರ ಗಾಜು ಸಡಿಲವಾದಾಗಲೂ ಹಾಗೆಯೇ ಮನೆಗೆ ಬಂದಿತ್ತು. ಆ ಹಳೆಯ ಸಹಿಯ ಕೆಳಗೇ ಇಂದು ಇನ್ನೊಂದು ಹಾಕಿದೆ.

ಅಂದರೆ ಲೆಕ್ಕ ಹೀಗೆ. ಸ್ಕ್ಯಾನರ್ ಡ್ರೈವರುಗಳದೇ ಒಂದು ಮುಕ್ತ ಯೋಜನೆ ಇದೆ; ಯಾರು ಬೇಕಾದರೂ ಕೋಡ್ ಬರೆದು ಕಳಿಸಬಹುದು, ಪಾಸಾದದ್ದನ್ನು ಅವರು ಆರು ತಿಂಗಳಿಗೊಮ್ಮೆ ರಿಲೀಸ್ ಮಾಡುತ್ತಾರೆ. ಮುಂದಿನದಕ್ಕೆ ಜನವರಿ 20ಕ್ಕೆ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ನನ್ನದು ಒಳಗೆ ಹೋದರೆ ಫೆಬ್ರವರಿಯಲ್ಲಿ ಈ ಕಂಪ್ಯೂಟರಿಗೆ ತಾನಾಗಿ ಬರುತ್ತದೆ. ತಪ್ಪಿದರೆ ಜುಲೈ. ಜುಲೈಗೆ ಆ ಸಂಪುಟಗಳು ಮೊಟ್ಟೆಯ ಟ್ರೇ ಆಗಿರುತ್ತವೆ.

ಅಕ್ಟೋಬರ್ 26

ಯಂತ್ರ ಇವರ ಕತ್ತರಿ ಮೇಜಿನ ಮೇಲಿದೆ. ಬೇರೆ ಯಾವ ಮೇಜೂ ಅಷ್ಟು ಅಗಲವಿಲ್ಲ.

'ನಾನು ಕೋಟು ಕತ್ತರಿಸೋದು ಎಲ್ಲಿ? ನಿನ್ನ ತಲೆ ಮೇಲಾ?'

'ನೆಲದ ಮೇಲೆ ರೀ. ಬಗ್ಗಿದ್ರೆ ಹೊಟ್ಟೆ ಕರಗುತ್ತೆ.'

'ದರ್ಜಿ ಹೊಟ್ಟೆ ಕರಗಿದ್ರೆ ಗಿರಾಕಿಗೆ ನಂಬಿಕೆ ಹೋಗುತ್ತೆ.'

ಕಂಪನಿ ಯಂತ್ರದ ಭಾಷೆಯನ್ನು ಎಲ್ಲೂ ಬರೆದಿಟ್ಟಿಲ್ಲ. ಆದ್ದರಿಂದ ಕದ್ದು ಕೇಳುವುದೊಂದೇ ದಾರಿ. ಅಟ್ಟದ ಹಳೆಯ ಕಂಪ್ಯೂಟರಿನಲ್ಲಿ ಕಂಪನಿಯ ಹಳೆಯ ಡ್ರೈವರ್ ಇನ್ನೂ ಉಸಿರಾಡುತ್ತಿದೆ. ಅದು ಯಂತ್ರದ ಜೊತೆ ಆಡುವ ಪ್ರತಿ ಮಾತನ್ನೂ ನಡುವೆ ಕೂತು ಬರೆದುಕೊಳ್ಳುವುದು. ಒಂದು ಪುಟಕ್ಕೆ ಒಂಬತ್ತು ಸಾವಿರ ಸಾಲು ಸಂಭಾಷಣೆ. ಹೆಚ್ಚಿನದು 'ಇದ್ದೀಯಾ?' 'ಇದ್ದೀನಿ.' ನಮ್ಮ ಸಂಸಾರದ ಹಾಗೆ.

ಇಂದು ತಿಳಿದದ್ದು: ಪ್ರತಿ ಪುಟಕ್ಕೂ ಮೊದಲು ದೀಪ ಹಿಂದಕ್ಕೆ ಸರಿದು, ಗಾಜಿನ ಅಂಚಿನ ಕೆಳಗೆ ಅಂಟಿಸಿರುವ ಒಂದು ಬಿಳಿ ಪಟ್ಟಿಯನ್ನು ನೋಡುತ್ತದೆ. 'ಬಿಳುಪು ಅಂದರೆ ಇದು' ಎಂದು ಖಾತ್ರಿ ಮಾಡಿಕೊಂಡೇ ಪುಟ ಓದಲು ಹೊರಡುತ್ತದೆ. ಬಹಳ ಇಷ್ಟವಾಯಿತು. ನಮ್ಮ ಲ್ಯಾಬಿನಲ್ಲೂ ದಿನದ ಮೊದಲ ಕೆಲಸ ಅದೇ ಆಗಿತ್ತು — ಊರಿನ ಮೀಟರುಗಳನ್ನು ಮುಟ್ಟುವ ಮೊದಲು ನಮ್ಮ ಮಾನಕ ಮೀಟರನ್ನು ಪರೀಕ್ಷಿಸುವುದು.

ನವೆಂಬರ್ 2, ಮಧ್ಯಾಹ್ನ

ಬಂತು!! ನನ್ನ ಡ್ರೈವರಿನಿಂದ ಮೊದಲ ಪುಟ. ಇವರ ಅಳತೆ ಪುಸ್ತಕದ ಒಂದು ಹಾಳೆ: ಎದೆ 40, ತೋಳು 24. ಕಂಪನಿಯ ಸಹಾಯ ಒಂದು ಚೂರೂ ಇಲ್ಲದೆ.

ಒಂದೇ ತೊಂದರೆ — ಚಿತ್ರ ವಿಪರೀತ ಬೆಳ್ಳಗೆ. ಪೆನ್ಸಿಲ್ ಗೆರೆಗಳು ಮಾಯ. ಕಪ್ಪಿನಿಂದ ಬಿಳುಪಿಗೆ ಇನ್ನೂರ ಐವತ್ತಾರು ಮೆಟ್ಟಿಲು. ಎಲ್ಲವನ್ನೂ ಕೆಲವು ಮೆಟ್ಟಿಲು ಕೆಳಗಿಳಿಸಿ ನೋಡಿದೆ. ಮೂವತ್ತೇಳಕ್ಕೆ ಸರಿ ಹೋಯಿತು. ಹತ್ತು ಹಾಳೆ, ಹತ್ತಕ್ಕೂ ಮೂವತ್ತೇಳು. ಕೋಡಿನಲ್ಲಿ ಬರೆದೆ: 37 ಕಳೆ.

ನವೆಂಬರ್ 19

ನನ್ನ ಕೋಡನ್ನು ಸೇರಿಸಿಕೊಳ್ಳಿ ಎಂದು ಯೋಜನೆಗೆ ಮೊದಲ ಪ್ಯಾಚ್ ಕಳಿಸಿ ನಾಲ್ಕು ದಿನ. ಇಂದು ವಿಮರ್ಶೆ ಬಂತು. ಯೋಜನೆಯ ಮುಖ್ಯಸ್ಥರಿಗೆ ನಾನಿಟ್ಟ ಹೆಸರು ಹೆಬ್ಬಾಗಿಲು. ಅವರು ದಾಟಿಸದೆ ಒಂದು ಅಲ್ಪವಿರಾಮವೂ ಒಳಗೆ ಹೋಗುವುದಿಲ್ಲ. ಇಪ್ಪತ್ತಮೂರು ಆಕ್ಷೇಪಣೆ. ಒಂದೊಂದೂ ಒಂದೇ ಸಾಲು. 'ಇಲ್ಲಿ ಜಾಗ ಹೆಚ್ಚು.' 'ಈ ಹೆಸರು ಏನನ್ನೂ ಹೇಳುವುದಿಲ್ಲ.' 'ಇದು ಸುಂದರ, ಆದರೆ ಬೇಡ.'

ಹದಿನೇಳನೆಯದು: 'ಈ ಮೂವತ್ತೇಳು ಎಲ್ಲಿಂದ ಬಂತು?'

ವಿನಯವಾಗಿ ಅವರಿಗೊಬ್ಬರಿಗೇ ಮೇಲ್ ಹಾಕಿ ವಿವರಿಸಿದೆ. ಹತ್ತು ನಿಮಿಷದಲ್ಲಿ ತಿರುಗಿ ಬಂತು: 'ಖಾಸಗಿ ಪತ್ರಗಳಿಗೆ ಉತ್ತರಿಸುವುದಿಲ್ಲ. ದಯವಿಟ್ಟು ಲಿಸ್ಟಿನಲ್ಲಿ ಬರೆಯಿರಿ.' ಈ ಯೋಜನೆಯವರ ಪದ್ಧತಿ ಇದು. ಸಾವಿರದ ನೂರು ಜನ ಓದುವ ಮೇಲಿಂಗ್ ಲಿಸ್ಟಿನಲ್ಲೇ ಪ್ರಶ್ನೆ, ಅಲ್ಲೇ ಉತ್ತರ, ಅಲ್ಲೇ ಜಗಳ. ಒಮ್ಮೆ ಬರೆದದ್ದನ್ನು ಅಳಿಸುವಂತಿಲ್ಲ. ಇಪ್ಪತ್ತು ವರ್ಷದ ಹಿಂದಿನದೂ ಹಾಗೇ ಇದೆ.

ಮೊದಲು ಸಿಟ್ಟು ಬಂತು. ಆಮೇಲೆ ಅನಿಸಿತು — ನಾನು ಜೀವಮಾನವಿಡೀ ಎಲ್ಲ ಕಚೇರಿಗಳಿಂದ ಕೇಳಿದ್ದು ಇದನ್ನೇ ಅಲ್ಲವೆ?

ಲಿಸ್ಟಿನಲ್ಲೇ ಬರೆದೆ: 'ಮೂವತ್ತೇಳು ಅಳೆದು ಬಂದದ್ದು. ಹತ್ತು ಹಾಳೆಗಳ ಮೇಲೆ. ನಾನು ಊಹಿಸುವವರ ಪೈಕಿಯಲ್ಲ.'

ಡಿಸೆಂಬರ್ 11

ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ತೀರಿದವು. ಇಂದು ಹೊಸಬರೊಬ್ಬರು ಎದ್ದರು. ಎಲ್ಲೋ ದೂರದ ಬಂದರಿನಲ್ಲಿ ಸಮುದ್ರ ನಕ್ಷೆಗಳ ಸಂಗ್ರಹ ನೋಡಿಕೊಳ್ಳುವವರಂತೆ. ಗಂಡೋ ಹೆಣ್ಣೋ ತಿಳಿಯದು; ನಕ್ಷೆಯವರು ಅನ್ನೋಣ. ಅವರ ಬಳಿಯೂ ಇದೇ ಮಾದರಿ ಇದೆ. ನನ್ನ ಡ್ರೈವರ್ ಹಾಕಿ ನೋಡಿದರಂತೆ. 'ಬಹಳ ಸಂತೋಷ. ಆದರೆ ಚಿತ್ರ ಮಂಕು. ನನ್ನ ಸಮುದ್ರಗಳೆಲ್ಲ ಕಪ್ಪಾಗಿವೆ.'

ಉತ್ತರಿಸಿದೆ. ಇಲ್ಲಿ ನಕಲು ಮಾಡಿಡುತ್ತೇನೆ, ಹೆಮ್ಮೆಯಿಂದ: 'ಮಾನ್ಯರೇ, ಇಪ್ಪತ್ತೊಂಬತ್ತು ವರ್ಷ ಅಳತೆಯನ್ನೇ ಉದ್ಯೋಗ ಮಾಡಿಕೊಂಡಿದ್ದವಳು ನಾನು. ಕೋಡಿನಲ್ಲಿ ದೋಷ ಹುಡುಕುವ ಮುನ್ನ ತಮ್ಮ ಯಂತ್ರದ ಗಾಜು ಒರೆಸುವುದು ಒಳಿತು.'

ಕಳಿಸುವ ಮೊದಲು ಇವರಿಗೆ ಓದಿ ಹೇಳಿದೆ. ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರು. ತೆಗೆದು ಹೇಳಿದರು, 'ಗಾಜು ಒರೆಸಿರ್ತಾರೆ ಬಿಡು ಪಾಪ. ನಕ್ಷೆ ಇಟ್ಕೊಂಡೋರು ಗಾಜು ಒರೆಸಲ್ವಾ?'

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.'

'ಅದು ಯಾರಿಗೆ ಹೇಳಿದ್ದು, ಅವರಿಗಾ ನಿಂಗಾ?'

'ಸೂಜಿ ಬಾಯಲ್ಲೇ ಇಟ್ಕೊಳ್ಳಿ.'

ಕಳಿಸಿದೆ.

ಡಿಸೆಂಬರ್ 12

ನಕ್ಷೆಯವರ ಉತ್ತರ ಒಂದೇ ಸಾಲು. 'ಗಾಜು ಒರೆಸಿದೆ. ಸಮುದ್ರ ಇನ್ನೂ ಕಪ್ಪು.'

ಹಟಮಾರಿ.

ಜನವರಿ 8

ಹೆಬ್ಬಾಗಿಲು ಬರೆದಿದ್ದಾರೆ: ಉಳಿದದ್ದೆಲ್ಲ ಸರಿಯಾಗಿದೆ, ಮೂವತ್ತೇಳರ ಸಂಗತಿ ನೀವಿಬ್ಬರೂ ತೀರಿಸಿಕೊಳ್ಳಿ. ತೀರದಿದ್ದರೂ ಇಪ್ಪತ್ತಕ್ಕೆ ಒಳಗೆ ಹಾಕುತ್ತೇನೆ. ಬರೆದವರು ನೀವು, ಅಳೆದವರು ನೀವು, ನಿಮ್ಮ ಮಾತಿನ ಮೇಲೆ ನಂಬಿಕೆ.

ಹುರ್ರೇ ಎಂದೆ. ಗ್ರಂಥಪಾಲಕಿಗೆ ಫೋನ್. 'ಫೆಬ್ರವರಿಗೆ ಸಂಪುಟಗಳ ಧೂಳು ಹೊಡೆದಿಡಿ.'

'ಈಗಲೇ ಹೊಡೀತಾ ಇದ್ದೀನಿ ಅಕ್ಕಾ, ಸೀನು ಕೇಳಿಸ್ತಿಲ್ವಾ?'

ಜನವರಿ 9, ಬೆಳಿಗ್ಗೆ 11

ಬರೆಯಲು ಮನಸ್ಸಿಲ್ಲ. ಆದರೂ ನಡೆದದ್ದನ್ನು ನಡೆದ ಹಾಗೆ.

ನಕ್ಷೆಯವರು ತಮ್ಮ ಯಂತ್ರದ ಮೇಲಿನ ಚೌಕಟ್ಟು ಬಿಚ್ಚಿ ಒಳಗಿನ ಫೋಟೊ ಕಳಿಸಿದ್ದರು. 'ಇಲ್ಲಿ ಎಲ್ಲಿ ಕೊಳೆ ಇದೆ ತೋರಿಸಿ' ಎಂಬ ಧಾಟಿ. ಸ್ಕ್ರೀನಿನ ತುಂಬ ದೊಡ್ಡದು ಮಾಡಿ ಕೊಳೆ ಹುಡುಕುತ್ತಿದ್ದೆ. ಇವರು ಟೀ ಲೋಟ ಹಿಡಿದು ಹಿಂದೆ ಬಂದು ನಿಂತರು.

'ಇವರ ಪಟ್ಟಿ ಏನು ಹೊಳೀತದೆ! ಪಿಂಗಾಣಿ ಹಾಗೆ. ನಾನು ಹಾಕಿದ್ದಕ್ಕೆ ಇಷ್ಟು ಹೊಳಪಿಲ್ಲ.'

ತಿರುಗಿ ನೋಡಿದೆ. 'ನೀವು ಹಾಕಿದ್ದೇ?'

'ಹೂಂ. ಅವತ್ತು ಗಾಜು ಕೂರಿಸಿದ್ನಲ್ಲ. ಹಳೇ ಅಂಟು ಕೀಳುವಾಗ ಈ ಬಿಳಿ ಪಟ್ಟಿನೂ ಕಿತ್ತು ಬಂತು, ಎರಡು ಚೂರಾಯ್ತು. ಅಲ್ಲಿ ಏನೋ ಒಂದು ಬಿಳೀದು ಇರಬೇಕು ಅಂತ ಅಂಗಿ ಕಾಲರ್ ಒಳಗೆ ಹಾಕೋ ಕ್ಯಾನ್ವಾಸ್ ಕತ್ತರಿಸಿ ಹಾಕ್ದೆ. ಒಂದೆಳೆ ಬಿಡದ ಹಾಗೆ ಅಂಚು ಕತ್ತರಿಸಿದ್ದೀನಿ, ನೋಡಿದ್ಯಾ?'

'ನಂಗ್ಯಾಕೆ ಹೇಳ್ಲಿಲ್ಲ?'

'ನೀನು ನಿಮ್ಮಕ್ಕನ ಮನೇಲಿದ್ದೆ. ಬಂದು, ಸರಿ ಆಯ್ತಾ ಅಂದೆ. ಆಯ್ತು ಅಂದೆ ನಾನು. ಹೇಗೆ ಅಂತ ಕೇಳ್ಲಿಲ್ಲ.'

ನಾಲ್ಕು ವರ್ಷ. ಆಮೇಲೂ ಕಂಪನಿಯ ಡ್ರೈವರಿನಲ್ಲಿ ಪುಟಗಳು ತುಸು ಬಿಳಿಚಿಕೊಂಡು ಬರುತ್ತಿದ್ದವು. ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡೆ!

ಚೌಕಟ್ಟು ಬಿಚ್ಚಿ ನೋಡಿದೆ. ಇದೆ. ಕೆನೆಬಣ್ಣಕ್ಕೆ ತಿರುಗಿದ ಕ್ಯಾನ್ವಾಸ್ ಪಟ್ಟಿ, ಅಂಚು ಅಚ್ಚುಕಟ್ಟು. ನನ್ನ ಯಂತ್ರ ಪ್ರತಿ ಪುಟಕ್ಕೂ ಮೊದಲು ಹೋಗಿ ಅಂಗಿಯ ಕಾಲರನ್ನು ನೋಡಿ 'ಬಿಳುಪು ಅಂದರೆ ಇದು' ಎಂದು ನಂಬಿ ಬರುತ್ತಿದೆ. ಮಸುಕನ್ನು ಬಿಳುಪೆಂದು ನಂಬಿದ್ದಕ್ಕೆ ಉಳಿದದ್ದೆಲ್ಲ ಅತಿ ಬೆಳ್ಳಗೆ ಕಂಡಿತು. ಅದಕ್ಕೆ ನಾನು ಮೂವತ್ತೇಳು ಕಳೆದೆ. ಜಗತ್ತಿನ ಉಳಿದೆಲ್ಲ ಯಂತ್ರಗಳಲ್ಲೂ ಆ ಮೂವತ್ತೇಳು ಸುಮ್ಮನೆ ಕತ್ತಲು.

ಮಾನಕವನ್ನು ಪರೀಕ್ಷಿಸದೆ ಮೀಟರ್ ಪರೀಕ್ಷಿಸಿದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಮಾಡಿದರೆ ನಾನು ಬೈದು ಮನೆಗೆ ಕಳಿಸುತ್ತಿದ್ದ ತಪ್ಪು.

'ಗಾಜು ಒರೆಸುವುದು ಒಳಿತು' ಎಂದು ಬರೆದಿದ್ದೇನೆ. ಸಾವಿರದ ನೂರು ಜನರ ಎದುರು. ಅಳಿಸುವಂತಿಲ್ಲ.

ಜನವರಿ 10

ಬರೆಯಲು ಕೂತೆ. ಬರೆಯಲಿಲ್ಲ. ವಾಚನಾಲಯಕ್ಕೆ ಹೋದೆ.

ಹಿಂದಿನ ಕೋಣೆಯಲ್ಲಿ ಸಂಪುಟಗಳು ಸಾಲಾಗಿ ನಿಂತಿವೆ, ಧೂಳು ಹೊಡೆಸಿಕೊಂಡು, ಎಲ್ಲಿಗೋ ಹೊರಡುವವರ ಹಾಗೆ. ಗ್ರಂಥಪಾಲಕಿಗೆ ಎಲ್ಲ ಹೇಳಿದೆ. ಅವಳು ಬುದ್ಧಿವಂತೆ. ನೇರ ಗಂಟಿಗೇ ಕೈ ಹಾಕಿದಳು.

'ಅಂದ್ರೆ ಈಗಿರೋ ಹಾಗೇ ಬಿಟ್ರೂ ನಮ್ಮ ಯಂತ್ರದಲ್ಲಿ ಚೆನ್ನಾಗೇ ಬರುತ್ತೆ?'

'ನಮ್ಮ ಯಂತ್ರದಲ್ಲಿ ಮಾತ್ರ.'

'ಹೇಳಿದ್ರೆ?'

'ವಾಪಸ್ ತಗೊಂಡು, ತಿದ್ದಿ, ಮತ್ತೆ ಬೇರೆಯವರು ಪರೀಕ್ಷೆ ಮಾಡಬೇಕು. ಹತ್ತು ದಿನ ಇದೆ. ಆಗದಿದ್ರೆ ಜುಲೈ.'

ಅವಳು ಸಂಪುಟದ ಬೆನ್ನು ಸವರಿದಳು. 'ಫೆಬ್ರವರಿಲಿ ರಿಲೀಸ್ ಆಗ್ಲಿ, ಮಾರ್ಚಲ್ಲಿ ನಾವು ಮುಗಿಸೋಣ, ಏಪ್ರಿಲಲ್ಲಿ ತಪ್ಪಾಯ್ತು ಅಂತ ಹೇಳಿ ಅಕ್ಕಾ. ಯಾರು ಸಾಯ್ತಾರೆ?'

ಇದು ನನಗೂ ಹೊಳೆದಿತ್ತು. ಬೆಳಿಗ್ಗೆಯೇ. ಅವಳ ಬಾಯಿಂದ ಬಂದಾಗ ಬೇರೆ ಥರ ಕೇಳಿಸಿತು. ಎಷ್ಟೋ ಕಚೇರಿಗಳ ಕೌಂಟರಿನಾಚೆಯಿಂದ ಇದೇ ಮಾತು ಕೇಳಿದ್ದೇನೆ. ಒಳ್ಳೆಯ ಕೆಲಸ ಆಗಲಿ, ಸತ್ಯ ಆಮೇಲೆ ನೋಡೋಣ. ಆ 'ಆಮೇಲೆ' ಎಂದಾದರೂ ಬಂದದ್ದು ನೆನಪಿಲ್ಲ. ನನಗೆ ನೆನಪಿರದ ತಾರೀಖುಗಳು ಬಹಳ ಕಡಿಮೆ.

ಸಂಜೆ ಇವರು ಒಂದು ತೋಳು ಬಿಚ್ಚುತ್ತಾ ಕೂತಿದ್ದರು. ತಪ್ಪಾಗಿ ಹೊಲಿದ ತೋಳು, ಗಿರಾಕಿ ನೋಡಿಯೇ ಇರಲಿಲ್ಲ.

'ಹಾಗೇ ಕೊಡಬಹುದಿತ್ತಲ್ಲ,' ಎಂದೆ.

'ಕೊಡಬಹುದಿತ್ತು. ಅವರಿಗೆ ಗೊತ್ತಾಗ್ತಿರ್ಲಿಲ್ಲ. ಕೈ ಎತ್ತಿದಾಗೆಲ್ಲ ಹಿಡೀತಿತ್ತು, ತಮ್ಮ ಭುಜದ್ದೇ ತಪ್ಪು ಅಂದ್ಕೊಳ್ತಿದ್ರು.' ದಾರ ಕಿತ್ತು ಬಿಸಾಕಿದರು. 'ಬರಿ ನೀನು. ತಪ್ಪು ನಮ್ಮನೆಯವರದು ಅಂತ ಬರಿ, ಪರವಾಗಿಲ್ಲ.'

'ನೀವು ಮಾಡಿದ್ದು ಸರಿಯಾಗೇ ಇದೆ. ಅಳೆಯದೆ ನಂಬಿದ್ದು ನಾನು.'

'ನಿನ್ನ ಪತ್ರ ಎಲ್ಲ ಓದಿದೋನು ನಾನು. ಮೂವತ್ತು ವರ್ಷದಿಂದ ಎಲ್ಲದರ ಕೊನೇ ಸಾಲು ಒಂದೇ. ಸಾರ್ವಜನಿಕವಾಗಿ ಉತ್ತರಿಸಲಿ. ಈಗ ನಿನ್ನ ಸರದಿ ಬಂದಿದೆ ಅಷ್ಟೇ.'

ಜನವರಿ 11, ಬೆಳಿಗ್ಗೆ 7.15

ಕಳಿಸಿದೆ. ನಕಲು:

'ಡಿಸೆಂಬರ್ 11ರಂದು ಈ ಲಿಸ್ಟಿನಲ್ಲಿ ನಾನು ನಕ್ಷೆ ಸಂಗ್ರಹದವರಿಗೆ ಗಾಜು ಒರೆಸಲು ಹೇಳಿದೆ. ಅವರ ಗಾಜು ಶುಭ್ರವಾಗಿತ್ತು. ತಪ್ಪು ನನ್ನದು. ಮೂವತ್ತೇಳು ಎಲ್ಲಿಂದ ಬಂತು ಎಂದು ನವೆಂಬರ್ 19ರಂದು ಕೇಳಲಾಗಿತ್ತು. ಉತ್ತರ: ಅಂಗಿಯ ಕಾಲರಿನಿಂದ.' ಮುಂದೆ ಇಡೀ ಕಥೆ, ಕ್ಯಾನ್ವಾಸಿನ ಫೋಟೊ ಸಮೇತ. 'ಪ್ಯಾಚ್ ಹಿಂತೆಗೆದುಕೊಳ್ಳುತ್ತಿದ್ದೇನೆ. ತಿದ್ದಿದ್ದನ್ನು ಮೂಲ ಪಟ್ಟಿ ಇರುವ ಯಂತ್ರದಲ್ಲಿ ಯಾರಾದರೂ ಪರೀಕ್ಷಿಸಬೇಕು. ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.'

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದವಳು ನಾನು. ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹಾಕಿದ್ದೆ. ವಿಚಿತ್ರವಾಗಿ ಕಂಡಿತು, ತೆಗೆದೆ.

ಜನವರಿ 12

ಯಾರೂ ಏನೂ ಬರೆದಿಲ್ಲ.

ಜನವರಿ 13

ಇಲ್ಲ. ಇವರು ನಾಲ್ಕು ಸಲ ಕೇಳಿದರು. ಐದನೆಯ ಸಲಕ್ಕೆ ರೇಗಿದೆ.

ಜನವರಿ 14, ಮಧ್ಯಾಹ್ನ

ಹತ್ತೊಂಬತ್ತು ಉತ್ತರ! ಎರಡು ದಿನ ಬಿಟ್ಟು ಎಲ್ಲರೂ ಒಟ್ಟಿಗೆ ಓದಿದರೋ ಏನೋ. ಒಬ್ಬರು ಎರಡು ವರ್ಷ ತಮ್ಮ ಪ್ರಿಂಟರ್ ಡ್ರೈವರಿನಲ್ಲಿ ಹುಡುಕಿದ ದೋಷ ಮೇಜಿನ ಕುಂಟುಗಾಲು ಆಗಿತ್ತಂತೆ. ಇನ್ನೊಬ್ಬರದು ಬೆಕ್ಕು. ಎಲ್ಲರಿಗೂ ಒಂದೊಂದು ಕಾಲರ್ ಇದೆ ಅಂತಾಯಿತು.

ನಕ್ಷೆಯವರು ಕೊನೆಗೆ. 'ಮೂವತ್ತೇಳು ತೆಗೆದು ನಲವತ್ತು ನಕ್ಷೆ ಹಾಕಿ ನೋಡಿದೆ. ಸಮುದ್ರ ನೀಲಿ. ದರ್ಜಿಯವರಿಗೆ ನನ್ನ ವಂದನೆ. ಅಂಚು ಕತ್ತರಿಸಿದ್ದು ನೋಡಿ ಅಸೂಯೆಯಾಯಿತು.' ಕೆಳಗೆ, ಪದ್ಧತಿಯ ಪ್ರಕಾರ, 'ಪರೀಕ್ಷಿಸಿದವರು' ಎಂದು ತಮ್ಮ ಹೆಸರು. ಆ ಒಂದು ಸಾಲಿಗಾಗಿ ಮೂರು ದಿನ ಉಸಿರು ಹಿಡಿದಿದ್ದೆ.

ಇವರಿಗೆ ಓದಿ ಹೇಳಿದೆ. ಕನ್ನಡಕ ಒರೆಸಿದರು. ಮತ್ತೆ ಓದು ಅಂದರು.

ಜನವರಿ 15

ಇನ್ನೊಂದು ಇಕ್ಕಟ್ಟು. ಮೂವತ್ತೇಳು ತೆಗೆದರೆ ಜಗತ್ತಿಗೆಲ್ಲ ಸರಿ, ನಮ್ಮ ಯಂತ್ರಕ್ಕೆ ಮಾತ್ರ ಅತಿ ಬೆಳ್ಳಗೆ. ಮೂಲ ಪಟ್ಟಿ ಎಂದೋ ಕಸಕ್ಕೆ ಹೋಗಿದೆ. ಪೇಂಟ್, ಪ್ಲಾಸ್ಟಿಕ್, ಒಡೆದ ತಟ್ಟೆಯ ಚೂರು — ಎಲ್ಲ ಇಟ್ಟು ನೋಡಿದೆವು. ಒಂದು ಜಾಗದಲ್ಲಿ ಸರಿ, ಒಂದು ಜಾಗದಲ್ಲಿ ಗೆರೆ. ಕ್ಯಾನ್ವಾಸಿನಷ್ಟು ಸಮನಾಗಿ ಯಾವುದೂ ಕೂರಲಿಲ್ಲ.

ಲಿಸ್ಟಿನಲ್ಲಿ ಬರೆದೆ. ಇನ್ನು ಬರೆಯುವುದಕ್ಕೆ ನಾಚಿಕೆ ಏನು ಉಳಿದಿದೆ.

ಜನವರಿ 18

ಹೆಬ್ಬಾಗಿಲು ದೊಡ್ಡವರು. ಯೋಜನೆಯಲ್ಲಿ ಅಪವಾದಗಳ ಪಟ್ಟಿ ಅಂತ ಒಂದಿದೆ — ವಿಚಿತ್ರ ನಡತೆಯ ಮಾದರಿಗಳಿಗೆ. ಮಾದರಿಗೆ ಬದಲು ಒಂದೇ ಒಂದು ಯಂತ್ರವನ್ನು, ಅದರ ಸೀರಿಯಲ್ ನಂಬರ್ ಹಿಡಿದು ಸೇರಿಸಿ ಅಂದರು. ಸೇರಿಸಿದೆ. ಈ ಯಂತ್ರ ಕಂಡರೆ ಮಾತ್ರ 37 ಕಳೆ. ಪಕ್ಕದ ವಿವರಣೆ ನಾನು ಆರು ಸಾಲು ಬರೆದಿದ್ದೆ. 'ಉದ್ದವಾಯಿತು' ಎಂದು ಅವರೇ ತಿದ್ದಿದರು: 'ಈ ಒಂದು ಯಂತ್ರದ ಬಿಳಿ ಪಟ್ಟಿ ದರ್ಜಿಯೊಬ್ಬರು ಹಾಕಿದ್ದು. ಬಿಳುಪಲ್ಲ, ಆದರೆ ಬಹಳ ನೇರ.'

ಜನವರಿ 19, ಸಂಜೆ 4.05

ಒಳಗೆ.

ಬಾಗಿಲು ಹಾಕುವುದಕ್ಕೆ ಒಂದು ದಿನ ಇರುವಾಗ.

ಇವರು ಅಂಗಡಿಯ ಗಿರಾಕಿಗೆ ಹೇಳುತ್ತಿರುವುದು ಕೇಳಿಸುತ್ತಿದೆ: 'ಇಲ್ಲ ಸಾರ್, ಈಗ ನಮ್ಮ ಕ್ಯಾನ್ವಾಸ್ ಹಡಗಿನೋರ ಹತ್ರಾನೂ ಇದೆ.' ಅದು ಹಾಗಲ್ಲ. ಇರಲಿ.

ಫೆಬ್ರವರಿ 16

ವಾಚನಾಲಯದ ಕಂಪ್ಯೂಟರಿಗೆ ರಿಲೀಸ್ ಬಂತು. ಅಧಿಕೃತ. ಯಂತ್ರ ಗಾಡಿಯಲ್ಲಿ ವಾಪಸ್. ರಿಪೇರಿ ಪುಸ್ತಕದಲ್ಲಿ 'ಏನು ರಿಪೇರಿ' ಎಂಬ ಕಲಂ ಇದೆ. ಬರೆದೆ: ಯಂತ್ರಕ್ಕೆ ಏನೂ ಇಲ್ಲ, ನನಗೆ ಸ್ವಲ್ಪ. ಗ್ರಂಥಪಾಲಕಿ ಓದದೆ ಸೀಲು ಹೊಡೆದಳು.

ಸಂಪುಟ 1, ಪುಟ 1. ಗುಂಡಿ ಒತ್ತಿದೆ. ದೀಪ ಹಿಂದಕ್ಕೆ ಹೋಗಿ ಕ್ಯಾನ್ವಾಸ್ ನೋಡಿ ಬಂತು. ಪುಟ ಬಂತು. ಮೂಲೆಯ ಮಸಿ ಬೆರಳಚ್ಚು ಕೂಡ.

ಇಬ್ಬರೂ ಸ್ಕ್ರೀನಿಗೆ ಬಗ್ಗಿ ನೋಡಿದೆವು. ಆಮೇಲೆ ಅವಳು, 'ಇನ್ನು ಹದಿನಾಲ್ಕು ಸಾವಿರ ಇದೆ ಅಕ್ಕಾ, ಸರೀರಿ ಪಕ್ಕಕ್ಕೆ.'

ಮಾರ್ಚ್ 5

ಸಂಪುಟ 19. ದಿನಕ್ಕೆ ನಾನೂರು ಪುಟ. ಅವಳು ಪುಟ ತಿರುವುತ್ತಾಳೆ, ನಾನು ಒತ್ತುತ್ತೇನೆ. ಬೆನ್ನು ಹಿಡಿದಾಗ ಅದಲುಬದಲು. ಕೈಗೆಲ್ಲ ಹಳೆಯ ಕಾಗದದ ವಾಸನೆ. ಇಷ್ಟು ನೆಮ್ಮದಿಯ ತಿಂಗಳು ಯಾವಾಗ ಕಳೆದಿದ್ದೆ, ತಾರೀಖು ನೆನಪಾಗುತ್ತಿಲ್ಲ.

'ಅಕ್ಕಾ, ಇದು ನೀವಾ?'

ಓದುಗರ ಪತ್ರ. ನನ್ನದೇ. ಲ್ಯಾಬಿನ ಮೇಲಧಿಕಾರಿಗಳ ವಿರುದ್ಧ, ಕೆಲಸದಲ್ಲಿದ್ದಾಗಲೇ ಬರೆದದ್ದು. ನಮ್ಮ ಮಾನಕ ಮೀಟರನ್ನೇ ಮೂರು ವರ್ಷದಿಂದ ಪರೀಕ್ಷೆಗೆ ಕಳಿಸಿಲ್ಲ ಎಂದು. ತಲೆಬರಹ: ಅಳತೆಗೋಲನ್ನು ಅಳೆದವರು ಯಾರು?

ಅವಳು ಮುಖ ತಿರುಗಿಸಿಕೊಂಡು ನಕ್ಕಳು. ಭುಜ ಕುಣಿಯುತ್ತಿತ್ತು.

'ನಗಬೇಡಿ. ಒತ್ತುತ್ತೀನಿ, ಪುಟ ಅಲುಗುತ್ತೆ.'

ಮಾರ್ಚ್ 29

ಸಂಪುಟ 34, ಕೊನೆಯ ಸಂಚಿಕೆ, ಕೊನೆಯ ಪುಟ. 3.20ಕ್ಕೆ.

ಕಾಗದ ಹೇಗೂ ರದ್ದಿಗೆ ಹೋಗುತ್ತದೆ. ಕೋಣೆ ಮೇಲಿನ ಕಚೇರಿಯವರದು, ಆಜ್ಞೆ ಅವರದು. ಅದಕ್ಕೆ ಪ್ರತ್ಯೇಕ ಪತ್ರ ಬರೆಯುತ್ತೇನೆ. ಆದರೆ ಮಾತು ಉಳಿಯಿತು. ಯಾರು ಯಾವತ್ತು ಏನು ಹೇಳಿದರು ಎಂಬುದು ಇನ್ನು ನನ್ನೊಬ್ಬಳ ತಲೆಯಲ್ಲಿ ಇರಬೇಕಾಗಿಲ್ಲ. ತಲೆ ಹಗುರವಾಗಿದೆ.

ಇವರು ವಾಚನಾಲಯಕ್ಕೇ ಬಂದಿದ್ದರು, ಒಗೆದ ಅಂಗಿ ಹಾಕಿಕೊಂಡು. ಯಂತ್ರದ ಮುಚ್ಚಳ ಎತ್ತಿ ಒಳಗೆ ಇಣುಕಿ, 'ಇನ್ನೊಂದು ಹತ್ತು ವರ್ಷ ಬರುತ್ತೆ,' ಎಂದರು. ಯಂತ್ರದ ಬಗ್ಗೆ ಅಲ್ಲ, ಪಟ್ಟಿಯ ಬಗ್ಗೆ.

ಏಪ್ರಿಲ್ 2, ಬೆಳಿಗ್ಗೆ 6.30

ನಕ್ಷೆಯವರು ಒಂದು ಕೊಂಡಿ ಕಳಿಸಿದ್ದಾರೆ. ಜೊತೆಗೆ ಮೂರು ನಗುಮುಖ. ತೆರೆದೆ. ಕಂಪನಿಯ ಹೊಸ ಪುಟ. ನಮ್ಮದೇ ಮಾದರಿಯ ಚಿತ್ರ, ಕೆಳಗೆ: 'ದೀರ್ಘಾಯುಷ್ಯ ನಮ್ಮ ಹೆಗ್ಗಳಿಕೆ. ನಮ್ಮ ಹಳೆಯ ಯಂತ್ರಗಳು ಇಂದಿನ ಹೊಸ ಕಂಪ್ಯೂಟರುಗಳಲ್ಲೂ ಕೆಲಸ ಮಾಡುತ್ತವೆ.' ಹೇಗೆ, ಯಾರಿಂದ — ಒಂದಕ್ಷರ ಇಲ್ಲ.

ಇವರಿಗೆ ತೋರಿಸಿದೆ. 'ಅಂಗಿ ಹೊಲಿದೋರು ಯಾರೋ, ತೊಟ್ಟು ಮೆರೆಯೋರು ಯಾರೋ,' ಎಂದು ಇಸ್ತ್ರಿ ಬಿಸಿಗಿಡಲು ಹೋದರು.

ಎಷ್ಟೋ ದಿನದ ಮೇಲೆ ಚೆನ್ನಾಗಿ ಸಿಟ್ಟು ಬಂದಿದೆ. ಮೈಗೆ ಹಿತವಾಗಿದೆ. ಏಳನೆಯ ಪತ್ರ, ಈ ಸಲ ಖಾಸಗಿಯಲ್ಲ. ಲಿಸ್ಟಿಗೂ ಹಾಕುತ್ತೇನೆ, ಅವರದೇ ಪುಟದ ಕೆಳಗೂ ಹಾಕುತ್ತೇನೆ. ಕರಡು:

'ಮಾನ್ಯರೇ, ಹೋದ ವರ್ಷದ ಹಿಂದಿನ ವರ್ಷ ಮೇ 14ರಂದು ಈ ಯಂತ್ರದ ಆಯುಸ್ಸು ಮುಗಿದಿದೆ ಎಂದಿರಿ. ಅದೇ ಯಂತ್ರ ಈ ಫೆಬ್ರವರಿ, ಮಾರ್ಚಿನಲ್ಲಿ ಹದಿನಾಲ್ಕು ಸಾವಿರದ ನೂರ ನಲವತ್ತನಾಲ್ಕು ಪುಟ ಓದಿತು. ಇಂದು ನೀವೇ ಅದನ್ನು ದೀರ್ಘಾಯುಷಿ ಎನ್ನುತ್ತೀರಿ. ಎರಡರಲ್ಲಿ ಒಂದು ಸುಳ್ಳು. ನನ್ನ ಅಳತೆಯಲ್ಲಿ ತಪ್ಪಾದಾಗ ಜನವರಿ 11ರಂದು ಸಾವಿರದ ನೂರು ಜನರ ಎದುರು ಒಪ್ಪಿಕೊಂಡಿದ್ದೇನೆ. ಪ್ರಾಣವೇನೂ ಹೋಗಲಿಲ್ಲ, ಸ್ನೇಹಿತರು ಸಿಕ್ಕರು. ಆದ್ದರಿಂದ ಕೇಳುತ್ತೇನೆ. ಅಂದು ಆಯುಸ್ಸು ಮುಗಿಯಿತೆಂದು ಅಳೆದವರು ಯಾರು? ಯಾವ ಅಳತೆಗೋಲಿನಿಂದ? ನನಗೆ ಮೇಲ್ ಕಳಿಸಬೇಡಿ. ಎಲ್ಲರೂ ಓದುವ ಕಡೆ, ತಾರೀಖು ಹಾಕಿ, ಸಹಿ ಮಾಡಿ, ಅಮೂಲ್ಯ ಎಂಬ ಪದವನ್ನು ಬಳಸದೆ —